ಅನೌನ್ಸ್‌ಮೆಂಟಿಗೆ ತಿಮಿಂಗಿಲ ಕಾಯುವುದಿಲ್ಲ: ಅಲಾಸ್ಕಾ ಹಡಗಿನಿಂದ ನೋಡುವುದು ಹೇಗೆ?

ಬೇಸಿಗೆಯಲ್ಲಿ ಅಮೆರಿಕದ ಮಗನ ಮನೆಗೋ ಮಗಳ ಮನೆಗೋ ಬಂದಿಳಿದ ಅಪ್ಪ-ಅಮ್ಮಂದಿರಿಗೆ ನಯಾಗರಾ ತೋರಿಸಿಯಾಯಿತು, ಲಾಸ್ ವೇಗಸ್ಸೂ ಆಯಿತು ಎಂದರೆ ಮುಂದಿನದು ಸಾಮಾನ್ಯವಾಗಿ ಅಲಾಸ್ಕಾ ಕ್ರೂಸ್. ಏಳು ದಿನ ಹಡಗಿನಲ್ಲಿದ್ದು, ಮೂರು ಹೊತ್ತೂ ಬಫೆಯಲ್ಲಿ ಉಂಡು, ಒಂದೂ ತಿಮಿಂಗಿಲ ಕಾಣದೆ ಇಳಿದು ಬಂದವರು ನನಗೆ ಬೇಕಾದಷ್ಟು ಮಂದಿ ಗೊತ್ತು. ಕೇಳಿದರೆ ‘ನಮಗೆ ಅದೃಷ್ಟ ಇರಲಿಲ್ಲ’ ಅನ್ನುತ್ತಾರೆ. ಅದೃಷ್ಟದ ಪಾಲು ಇದರಲ್ಲಿ ಕಮ್ಮಿ. ಜೂನ್‌ನಿಂದ ಆಗಸ್ಟ್‌ವರೆಗೆ ಆಗ್ನೇಯ ಅಲಾಸ್ಕಾದ ಜಲಸಂಧಿಗಳಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಮೇಯಲು ಬಂದೇ ಇರುತ್ತವೆ. ಇವರು ಗಾಜಿನ ಹಿಂದೆ ಕೂತು, ಮೈಕಿನಲ್ಲಿ ಹೇಳಲಿ ಎಂದು ಕಾದಿರುತ್ತಾರೆ. ಹೇಳಿದ ಮೇಲೆ ಜರ್ಕಿನ್ ಹುಡುಕಿ, ಲಿಫ್ಟ್ ಹಿಡಿದು ಡೆಕ್‌ಗೆ ಬರುವಷ್ಟರಲ್ಲಿ ಹಡಗು ಎಷ್ಟೋ ಮುಂದೆ ಹೋಗಿರುತ್ತದೆ.

ಹೆಜ್ಜೆ 1: ಬುಕ್ ಮಾಡುವಾಗ ಹಡಗಲ್ಲ, ದಾರಿ ನೋಡಿ

ವಾಟರ್ ಸ್ಲೈಡ್ ಎಷ್ಟು, ರೆಸ್ಟೋರೆಂಟ್ ಎಷ್ಟು ಎಂದು ಎಣಿಸುವುದು ಬಿಡಿ. ಪಟ್ಟಿಯಲ್ಲಿ ‘ಗ್ಲೇಸಿಯರ್ ಬೇ’ ಎಂದು ಹೆಸರು ಹಿಡಿದು ಬರೆದಿದೆಯೇ ನೋಡಿ. ಬರೀ ‘ಹಿಮನದಿ ವೀಕ್ಷಣೆ’ ಎಂದಿದ್ದರೆ ಅದು ಬೇರೆ ಯಾವುದೋ ಜಾಗ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗುಗಳಿಗೆ ಪ್ರವೇಶ, ಹಾಗಾಗಿ ಎಲ್ಲ ಕಂಪನಿಗಳಿಗೂ ಅದು ಸಿಗುವುದಿಲ್ಲ. ಹಬ್ಬರ್ಡ್ ಹಿಮನದಿಯೂ ಭವ್ಯವೇ. ಅದರ ಎದುರುಮುಖವೇ ಸುಮಾರು 10 ಕಿ.ಮೀ. ಅಗಲ. ಆದರೆ ಮುಂದೆ ತೇಲುವ ಮಂಜುಗಡ್ಡೆ ಹೆಚ್ಚಾದ ದಿನ ಹಡಗು ದೂರದಿಂದಲೇ ತಿರುಗಬೇಕಾಗುತ್ತದೆ. ಒಂದನ್ನೇ ಆರಿಸಬೇಕೆಂದರೆ ನನ್ನ ಓಟು ಗ್ಲೇಸಿಯರ್ ಬೇಗೆ.

ವ್ಯಾಂಕೂವರ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಒಳಬದಿಯ ಜಲಮಾರ್ಗದಲ್ಲಿ ಸಾಗುತ್ತವೆ, ಎರಡೂ ಕಡೆ ದಡ. ಸಿಯಾಟಲ್‌ನಿಂದ ಹೊರಡುವವು ಬಹುಪಾಲು ದ್ವೀಪದ ಹೊರಬದಿಯ ತೆರೆದ ಸಾಗರ ಹಿಡಿಯುತ್ತವೆ. ಮೊದಲ ದಿನ ಕಾಣುವುದು ನೀರು, ಆಗುವುದು ವಾಂತಿ.

ಇನ್ನೊಂದು ಮಾತು. ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ಹಡಗುಗಳು ಅಮೆರಿಕದ ಹಳೆಯ ಕಾನೂನೊಂದರ ದೆಸೆಯಿಂದ ನಡುವೆ ವಿದೇಶಿ ಬಂದರೊಂದನ್ನು ಮುಟ್ಟಲೇಬೇಕು. ಸಾಮಾನ್ಯವಾಗಿ ಅದು ಕೆನಡಾದ ವಿಕ್ಟೋರಿಯಾ. ಭಾರತದ ಪಾಸ್‌ಪೋರ್ಟಿನಲ್ಲಿ ಪ್ರವಾಸಕ್ಕೆ ಬಂದ ಅಪ್ಪ-ಅಮ್ಮನಿಗೆ ಕೆನಡಾ ವೀಸಾ ಬೇಕು. ಟಿಕೆಟ್ ಕೊಂಡ ಮೇಲೆ ಇದು ನೆನಪಾದ ಸಂಸಾರಗಳನ್ನು ಕಂಡಿದ್ದೇನೆ.

ಬಾಲ್ಕನಿ ರೂಮಿಗೆ ಹೆಚ್ಚಿನ ದುಡ್ಡು ಕೊಡಬೇಡಿ. ಬಾಲ್ಕನಿಯಿಂದ ಕಾಣುವುದು ಒಂದೇ ಮಗ್ಗುಲು, ತಿಮಿಂಗಿಲ ಬರುವುದು ಇನ್ನೊಂದರಲ್ಲಿ. ಅದೇ ದುಡ್ಡಿನಲ್ಲಿ, ಹಡಗು ನಿಲ್ಲುವ ಜೂನೋ ಬಂದರಿನಲ್ಲಿ ಸಣ್ಣ ದೋಣಿಯ ತಿಮಿಂಗಿಲ ಪ್ರವಾಸಕ್ಕೆ ಹೋಗಿ ಬನ್ನಿ.

ಹೆಜ್ಜೆ 2: ಚೀಲಕ್ಕೆ ಏನು ಹಾಕಬೇಕು

ಬೈನಾಕ್ಯುಲರ್, ತಲೆಗೊಂದರಂತೆ. ಇಬ್ಬರಿಗೆ ಒಂದು ಸಾಕು ಎಂದುಕೊಂಡ ದಂಪತಿ ಮೂರನೆಯ ದಿನಕ್ಕೆ ಮಾತು ಬಿಟ್ಟಿರುತ್ತಾರೆ. 7 ಅಥವಾ 8 ಪಟ್ಟು ದೊಡ್ಡದು ಮಾಡುವುದೇ ಸರಿ, ಪೆಟ್ಟಿಗೆಯ ಮೇಲೆ 8x42 ಎಂದಿದ್ದರೆ ಕಣ್ಣು ಮುಚ್ಚಿ ಕೊಳ್ಳಬಹುದು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ‘30 ಪಟ್ಟು ಝೂಮ್’, ‘ರಾತ್ರಿಯಲ್ಲೂ ಕಾಣುತ್ತದೆ’ ಎನ್ನುವ ಮಾಲು ಹಡಗಿನ ಮೇಲೆ ತಲೆನೋವು ತರಲಿಕ್ಕಷ್ಟೇ ಲಾಯಕ್ಕು. ಪಟ್ಟು ಹೆಚ್ಚಾದಷ್ಟೂ ಕೈ ನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ, ನೋಟದ ಅಗಲ ಮಾತ್ರ ಕಿರಿದಾಗುತ್ತದೆ. ಮೊಬೈಲಿಗೆ ಸಿಕ್ಕಿಸುವ ಲೆನ್ಸನ್ನು ಮಕ್ಕಳ ಆಟಕ್ಕೆ ಕೊಡಿ.

ಕೊಡೆ ಬೇಡ, ಡೆಕ್ ಗಾಳಿಗೆ ಮೊದಲ ನಿಮಿಷದಲ್ಲೇ ಮಗುಚಿಕೊಳ್ಳುತ್ತದೆ. ಟೋಪಿ ಇರುವ ರೇನ್‌ಕೋಟು, ಕೈಗವಸು, ಮತ್ತು ಮೊಮ್ಮಕ್ಕಳು ಎಷ್ಟೇ ನಗಲಿ, ಊರಿಂದ ತಂದ ಮಂಕಿ ಕ್ಯಾಪ್. ಕೆಚಿಕನ್ ಊರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಮಲೆನಾಡಿನವರಿಗೆ ಮಳೆ ಹೊಸದಲ್ಲ, ಅದರ ಜೊತೆಗಿನ ಚಳಿ ಹೊಸದು.

ಫ್ಲಾಸ್ಕ್ ಒಯ್ಯಿರಿ, ಹಿಮನದಿಯ ದಿನ ಡೆಕ್ ಬಿಟ್ಟು ಹೋಗದಂತೆ ತಡೆಯುವುದು ಅದೊಂದೇ. ಜೇಬಿನಲ್ಲಿ ಕೋಡುಬಳೆ ಇದ್ದರೆ ಇನ್ನೂ ಒಳ್ಳೆಯದು, ಹಕ್ಕಿಗಳಿಗೆ ಮಾತ್ರ ಎಸೆಯಬೇಡಿ.

ಹೊರಡುವ ಮೊದಲು ಮೊಬೈಲಿಗೆ ಆ ಪ್ರದೇಶದ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ. ಏರೋಪ್ಲೇನ್ ಮೋಡ್‌ನಲ್ಲೂ ಜಿಪಿಎಸ್ ಕೆಲಸ ಮಾಡುತ್ತದೆ. ಐಸಿ ಸ್ಟ್ರೇಟ್, ಸ್ಟೀಫನ್ಸ್ ಪ್ಯಾಸೇಜ್, ಫ್ರೆಡರಿಕ್ ಸೌಂಡ್, ಚಾಥಮ್ ಸ್ಟ್ರೇಟ್ ಎಂಬ, ತಿಮಿಂಗಿಲ ಮೇಯುವ ನಾಲ್ಕು ಜಲಮಾರ್ಗಗಳ ಹೆಸರನ್ನು ಗುರುತು ಮಾಡಿಡಿ. ನೀಲಿ ಚುಕ್ಕೆ ಅಲ್ಲಿಗೆ ಬಂದಾಗ ನೀವು ಹೊರಗಿರಬೇಕು, ಊಟದ ಹೊತ್ತಾದರೂ ಸರಿ.

ಹೆಜ್ಜೆ 3: ಕೆಳಗೆ ನಿಲ್ಲಿ

ಎಲ್ಲರೂ ಮೇಲಿನ ಡೆಕ್‌ಗೆ ಓಡುತ್ತಾರೆ. ಗುಡ್ಡಬೆಟ್ಟ ನೋಡಲು ಅದು ಚೆನ್ನ, ಪ್ರಾಣಿ ನೋಡಲು ಅಲ್ಲ. ಹಡಗನ್ನು ಸುತ್ತುವರಿದಿರುವ ಕೆಳಗಿನ ಪ್ರೊಮೆನೇಡ್ ಡೆಕ್ ಇದ್ದರೆ ಅದೇ ನಿಮ್ಮ ಜಾಗ. ನೀರಿಗೆ ಹತ್ತಿರ, ತಲೆಯ ಮೇಲೆ ಸೂರು, ನಾಲ್ಕು ಹೆಜ್ಜೆ ಓಡಿದರೆ ಇನ್ನೊಂದು ಮಗ್ಗುಲು. ಸೂರ್ಯ ಬೆನ್ನಿಗಿರುವ ಕಡೆ ನಿಲ್ಲಿ. ಬಿಸಿಲಿನ ದಿನಕ್ಕಿಂತ ಮೋಡ ಕವಿದ, ಗಾಳಿಯಿಲ್ಲದ ದಿನವೇ ವಾಸಿ. ನೊರೆ ಅಲೆ ಎದ್ದ ದಿನ ಉಸಿರು ಯಾವುದು, ನೊರೆ ಯಾವುದು ಎಂದು ತಿಳಿಯುವುದೇ ಇಲ್ಲ. ಜೂನ್‌ನಲ್ಲಿ ಜೂನೋ ಕಡೆ ಬೆಳಗಿನ 4ಕ್ಕೆ ಬೆಳಕಾಗಿ ರಾತ್ರಿ 10ರವರೆಗೂ ಇರುತ್ತದೆ. ರಾತ್ರಿ ಊಟವಾದ ಮೇಲೆ ಎಲ್ಲರೂ ಶೋ ನೋಡಲು ಒಳಗೆ ಹೋದಾಗ ಡೆಕ್ ಖಾಲಿ, ಬೆಳಕು ಇನ್ನೂ ಇದೆ. ನನಗೆ ಅದೇ ಪ್ರಶಸ್ತ ಹೊತ್ತು.

(ಅದೇ ಕಾರಣಕ್ಕೆ ಜೂನ್-ಜುಲೈನಲ್ಲಿ ಧ್ರುವಪ್ರಭೆ ಕಾಣುತ್ತದೆಂದು ರಾತ್ರಿಯಿಡೀ ಕೂರಬೇಡಿ. ಅದಕ್ಕೆ ಕತ್ತಲೆ ಬೇಕು, ಅಂದರೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್.)

ಹೆಜ್ಜೆ 4: ತಿಮಿಂಗಿಲವನ್ನು ಹುಡುಕಬೇಡಿ, ಉಸಿರನ್ನು ಹುಡುಕಿ

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಬೈನಾಕ್ಯುಲರನ್ನು ಕಣ್ಣಿಗೆ ಹೊಂದಿಸಿಕೊಳ್ಳಬೇಕು, ಬಂದರಿನಲ್ಲಿ ಹಡಗು ನಿಂತಿರುವಾಗಲೇ. ಕನ್ನಡಕದವರು ರಬ್ಬರ್ ಬಟ್ಟಲನ್ನು ಪೂರ್ತಿ ಒಳಕ್ಕೆ ತಿರುಗಿಸಿ, ಹಾಕದವರು ಹೊರಕ್ಕೆ. ಎರಡು ವೃತ್ತ ಸೇರಿ ಒಂದಾಗುವವರೆಗೆ ನಡುವಿನ ಕೀಲನ್ನು ಮಡಿಸಿ. ದೂರದ ಬೋರ್ಡೊಂದನ್ನು ಎಡಗಣ್ಣಲ್ಲಿ ಮಾತ್ರ ನೋಡುತ್ತ ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಬಲಗಣ್ಣಿನ ಬಳಿಯ ಸಣ್ಣ ಉಂಗುರ ತಿರುಗಿಸಿ. ಇದು ಒಂದೇ ಸಲದ ಕೆಲಸ. ಇದನ್ನು ಮಾಡದೆ ‘ಮಂಜು ಮಂಜಾಗಿದೆ’ ಎಂದು ದುಬಾರಿ ಬೈನಾಕ್ಯುಲರನ್ನು ಬೈಯುವವರು ಪ್ರತಿ ಹಡಗಿನಲ್ಲೂ ಇರುತ್ತಾರೆ.

ಈಗ ಅದನ್ನು ಕೊರಳಿಗೆ ಹಾಕಿಕೊಂಡು ಮರೆತುಬಿಡಿ. ಹುಡುಕುವುದು ಬರಿಗಣ್ಣಿನಲ್ಲಿ. ಹಡಗಿನ ಮೂತಿಯಿಂದ ಶುರುಮಾಡಿ ನಿಮ್ಮ ಮಗ್ಗುಲಿನವರೆಗೆ ನಿಧಾನವಾಗಿ ಕಣ್ಣು ಹಾಯಿಸಿ. ಮೊದಲು ದೂರದ ನೀರು, ಆಮೇಲೆ ನಡುವಿನದು, ಕೊನೆಗೆ ಹತ್ತಿರದ್ದು, ಮತ್ತೆ ಮೂತಿಯಿಂದ. ಹಿಂದಕ್ಕೆ ನೋಡಿ ಪ್ರಯೋಜನವಿಲ್ಲ, ಹಡಗು ಹೋಗುತ್ತಿರುವುದು ಮುಂದಕ್ಕೆ. ತಿಮಿಂಗಿಲದ ಆಕಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ, ಅದು ಕಾಣುವುದೇ ಅಪರೂಪ. ಕಾಣುವುದು ಉಸಿರು: ದಡದ ಕಪ್ಪು ಸ್ಪ್ರೂಸ್ ಕಾಡಿನ ಎದುರು 3-4 ಮೀಟರ್ ಎತ್ತರಕ್ಕೆ ಎದ್ದು ಕೆಲವು ಸೆಕೆಂಡ್ ನಿಂತು ಕರಗುವ ಬಿಳಿ ಹಬೆ. ಗಾಳಿ ಸುಮ್ಮನಿದ್ದರೆ ಕಿಲೋಮೀಟರುಗಟ್ಟಲೆ ದೂರದಿಂದ ಕಾಣುತ್ತದೆ. ಒಂದೆಡೆ ಕಡಲಹಕ್ಕಿಗಳು ಗುಂಪಾಗಿ ಎರಗುತ್ತಿದ್ದರೆ ಅಲ್ಲೂ ಕಣ್ಣಿಡಿ, ಮೀನಿದೆ ಎಂದರ್ಥ. ಕಪ್ಪಗೆ ಉದ್ದಕ್ಕೆ ತೇಲುತ್ತಿದ್ದು, ಮೇಲೊಂದು ಹಕ್ಕಿ ಆರಾಮವಾಗಿ ಕೂತಿದ್ದರೆ ಅದು ಮರದ ದಿಮ್ಮಿ. ಆ ನೀರಿನಲ್ಲಿ ದಿಮ್ಮಿಗಳಿಗೆ ಬರವಿಲ್ಲ.

ಹಬೆ ಕಂಡಿತೇ? ಅದರ ಮೇಲಿಂದ ಕಣ್ಣು ಕದಲಿಸದೆ ಬೈನಾಕ್ಯುಲರನ್ನು ಕಣ್ಣಿನ ಬಳಿಗೆ ತನ್ನಿ. ತಲೆ ಬಗ್ಗಿಸಿ ಬೈನಾಕ್ಯುಲರ್ ನೋಡಿದಿರೋ, ಜಾಗ ಕಳೆದುಹೋಯಿತು. ಮೊಣಕೈಯನ್ನು ಎದೆಗೆ ಒತ್ತಿ ಹಿಡಿಯಿರಿ. ಕಂಬಿಯ ಮೇಲೆ ಊರಬೇಡಿ, ಎಂಜಿನ್ನಿನ ಅದುರು ನೇರವಾಗಿ ಕೈಗೆ ಬರುತ್ತದೆ.

ಇನ್ನು ಲೆಕ್ಕ. ಹಂಪ್‌ಬ್ಯಾಕ್ ಒಮ್ಮೆ ಮೇಲೆ ಬಂದರೆ ಸಾಮಾನ್ಯವಾಗಿ ಮೂರರಿಂದ ಆರು ಸಲ ಉಸಿರಾಡುತ್ತದೆ, ಒಂದೊಂದರ ನಡುವೆ 15-30 ಸೆಕೆಂಡ್. ಅಷ್ಟೂ ಹೊತ್ತು ಕಾಣುವುದು ಬೆನ್ನಿನ ಒಂದು ತುಂಡು, ಮೇಲೊಂದು ಗಿಡ್ಡ ರೆಕ್ಕೆ. ಕೊನೆಯ ಉಸಿರಿಗೆ ಬೆನ್ನು ಎಂದಿಗಿಂತ ಹೆಚ್ಚು ಬಾಗಿ ಎದ್ದು ನಿಲ್ಲುತ್ತದೆ. ಅದೇ ಸೂಚನೆ, ಮರುಕ್ಷಣ ಬಾಲ ಮೇಲೇಳುತ್ತದೆ. ಬಾಲ ನೋಡಿ ಜನ ಚಪ್ಪಾಳೆ ತಟ್ಟುತ್ತಾರೆ, ತಟ್ಟಿ ಅದೇ ಜಾಗವನ್ನು ದಿಟ್ಟಿಸುತ್ತ ನಿಲ್ಲುತ್ತಾರೆ. ಬಾಲ ಎತ್ತಿತು ಎಂದರೆ ಆಳಕ್ಕೆ ಇಳಿಯಿತು, ಇನ್ನು 5-10 ನಿಮಿಷ ಮೇಲೆ ಬರುವುದಿಲ್ಲ. ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ನುಣುಪಾದ ವೃತ್ತವೊಂದು ಉಳಿಯುತ್ತದೆ, ಅಷ್ಟೇ. ಹಡಗು 18 ನಾಟ್ ವೇಗದಲ್ಲಿದ್ದರೆ 7 ನಿಮಿಷದಲ್ಲಿ ಸುಮಾರು 4 ಕಿ.ಮೀ. ದಾಟಿರುತ್ತದೆ. ಆದ್ದರಿಂದ ಪಕ್ಕದಲ್ಲಿ ಬಾಲ ಎತ್ತಿದ ತಿಮಿಂಗಿಲವನ್ನು ಬಿಟ್ಟು ಮತ್ತೆ ಮೂತಿಯ ಕಡೆ ಕಣ್ಣು ತಿರುಗಿಸಿ. ಅದನ್ನೇ ಮತ್ತೆ ನೋಡಲೇಬೇಕೆಂದರೆ ಹಡಗಿನ ಹಿಂಬದಿಯ ಡೆಕ್‌ಗೆ ನಡೆಯಿರಿ, ಸಮಯವಿದೆ. ಎದುರಿಗೆ ದೂರದಲ್ಲಿ ಮೊದಲ ಉಸಿರು ಕಂಡಿದ್ದರೆ ಮಾತ್ರ ನಿಮ್ಮ ಪುಣ್ಯ, ಹಡಗು ಅದರ ಬಳಿಗೇ ಹೋಗುತ್ತಿದೆ.

ಕಂಡದ್ದನ್ನು ಪಕ್ಕದವರಿಗೆ ತೋರಿಸುವುದೂ ಒಂದು ವಿದ್ಯೆ. ‘ಅಗೋ ಅಲ್ಲಿ, ಅಲ್ಲಿ!’ ಎಂದರೆ ಎಲ್ಲರೂ ನಿಮ್ಮ ಬೆರಳನ್ನೇ ನೋಡುತ್ತಾರೆ. ಗಡಿಯಾರದ ಲೆಕ್ಕ ಹೇಳಿ. ಹಡಗಿನ ಮೂತಿ ಹನ್ನೆರಡು ಗಂಟೆ, ಬಲಮಗ್ಗುಲು ಮೂರು, ಹಿಂಬದಿ ಆರು, ಎಡಮಗ್ಗುಲು ಒಂಬತ್ತು. ‘ಎರಡು ಗಂಟೆ, ದಡದ ಹತ್ತಿರ, ಜಲಪಾತದ ಕೆಳಗೆ’ ಎಂದರೆ ಸಾಕು. ಮನೆಮಂದಿಗೆ ಮೊದಲೇ ಹೇಳಿಕೊಟ್ಟಿರಬೇಕು. ಒಮ್ಮೆ ನನ್ನ ಪಕ್ಕದಲ್ಲಿದ್ದ ಹುಡುಗ ‘ಅಜ್ಜಿ, ಎರಡು ಗಂಟೆ, ಎರಡು ಗಂಟೆ!’ ಎಂದು ಕೂಗಿದ. ಅಜ್ಜಿ ಕೈಗಡಿಯಾರ ನೋಡಿ, ‘ಈಗಿನ್ನೂ ಹನ್ನೊಂದೂವರೆ ಕಣೋ, ಊಟಕ್ಕೆ ಹೊತ್ತಿದೆ’ ಅಂದರು. ತಿಮಿಂಗಿಲ ಅಷ್ಟರಲ್ಲಿ ಹೋಗಿತ್ತು.

ಹೆಜ್ಜೆ 5: ಕಂಡದ್ದು ಯಾವುದು

ಕಪ್ಪು-ಬಿಳುಪಿನ ಚಿಕ್ಕ ಪ್ರಾಣಿ ನೀರು ಚಿಮ್ಮಿಸುತ್ತ ರಭಸದಿಂದ ಹಾದುಹೋದರೆ ಜನ ‘ಓರ್ಕಾ ಮರಿ!’ ಎಂದು ಕೂಗುತ್ತಾರೆ. ಬಹುಪಾಲು ಅದು ಡಾಲ್ಸ್ ಪೋರ್ಪಾಯ್ಸ್, ಡಾಲ್ಫಿನ್ನಿನಂಥ ಸಣ್ಣ ಪ್ರಾಣಿ. ಓರ್ಕಾ, ಅಂದರೆ ಕಿಲ್ಲರ್ ವೇಲ್, ಧಾವಂತವಿಲ್ಲದೆ ಸಾಗುತ್ತದೆ, ಮರಿಗಳು ತಾಯಿಯನ್ನು ಬಿಟ್ಟು ಅಲೆಯುವುದಿಲ್ಲ. ಬೆಳೆದ ಗಂಡಿನ ಬೆನ್ನಿನ ರೆಕ್ಕೆ ಆರಡಿಯವರೆಗೂ ನೆಟ್ಟಗೆ ನಿಲ್ಲುತ್ತದೆ, ಕಂಡರೆ ಅನುಮಾನಕ್ಕೆ ಎಡೆಯೇ ಇಲ್ಲ.

ಕಡಲಪಾಚಿಯ ಗುಡ್ಡೆಯಂತಿದ್ದದ್ದು ಪಾದ ಎತ್ತಿದರೆ ಅದು ಅಂಗಾತ ಮಲಗಿದ ಕಡಲ ನೀರುನಾಯಿ. ಮಂಜುಗಡ್ಡೆಯ ಮೇಲಿನ ಕಪ್ಪು ಚುಕ್ಕೆ ಸೀಲ್. ಬಂಡೆಯ ಮೇಲೆ ಒರಗಿ ಗದ್ದಲ ಮಾಡುವುದು ಸ್ಟೆಲರ್ ಕಡಲಸಿಂಹ, ಗಾಳಿ ಈ ಕಡೆಗಿದ್ದರೆ ಮೊದಲು ಮೂಗಿಗೇ ಗೊತ್ತಾಗುತ್ತದೆ. ದಡದ ಮರದ ತುದಿಯಲ್ಲಿ ಬಿಳಿ ಚುಕ್ಕೆ ಕಂಡರೆ ಬಾಲ್ಡ್ ಈಗಲ್. ಅದರ ಮರಿಗೆ ನಾಲ್ಕೈದು ವರ್ಷದವರೆಗೆ ತಲೆ ಬಿಳಿಯಾಗುವುದಿಲ್ಲ, ಕಂದು ಹದ್ದನ್ನು ಕಡೆಗಣಿಸಬೇಡಿ. ಕಡಿದಾದ ಬಂಡೆಯ ಮೇಲಿನ ಬಿಳಿ ಕಲೆ ಹಿಮವೋ ಬೆಟ್ಟದ ಮೇಕೆಯೋ ತಿಳಿಯದಿದ್ದರೆ ಐದು ನಿಮಿಷ ಬಿಟ್ಟು ನೋಡಿ. ಮೇಕೆ ತುಸು ಹಳದಿ, ಮತ್ತು ಜಾಗ ಬದಲಿಸಿರುತ್ತದೆ. ಕರಡಿ ಬೇಕೆಂದರೆ ನೀರಿಳಿತದ ಹೊತ್ತಿನಲ್ಲಿ ದಡದ ಅಂಚನ್ನು ನೋಡಿ.

ಹೆಜ್ಜೆ 6: ಹಿಮನದಿಯ ದಿನ

ಬೆಳಗ್ಗೆ ಗ್ಲೇಸಿಯರ್ ಬೇ ಉದ್ಯಾನದ ರೇಂಜರ್‌ಗಳು ಸಣ್ಣ ದೋಣಿಯಲ್ಲಿ ಬಂದು ಹಡಗು ಹತ್ತುತ್ತಾರೆ. ಇಡೀ ಪ್ರವಾಸದಲ್ಲಿ ಮೈಕಿಗೆ ಕಿವಿಗೊಡಬೇಕಾದದ್ದು ಆಗ ಮಾತ್ರ. 1794ರಲ್ಲಿ ಬ್ರಿಟಿಷ್ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್‌ನ ನಾವಿಕರು ಬಂದಾಗ ಈ ಕೊಲ್ಲಿಯ ಬಾಯಲ್ಲೇ ಹಿಮದ ಗೋಡೆ ಇತ್ತು. ಈಗ ಆ ಹಿಮ ನೋಡಲು ಸುಮಾರು 100 ಕಿ.ಮೀ. ಒಳಗೆ ಹೋಗಬೇಕು. ದಾರಿಯುದ್ದಕ್ಕೂ ನೋಡಿದರೆ ಅದು ತಾನಾಗಿ ತಿಳಿಯುತ್ತದೆ: ಬಾಯಲ್ಲಿ ದೊಡ್ಡ ಮರಗಳ ಕಾಡು, ನಡುವೆ ಕುರುಚಲು, ತುದಿಯಲ್ಲಿ ಬೋಳು ಬಂಡೆ.

ಮಾರ್ಜರಿ ಹಿಮನದಿಯ ಎದುರು ಹಡಗು ಸುಮಾರು ಒಂದು ಗಂಟೆ ನಿಂತು, ಎರಡೂ ಮಗ್ಗುಲಿಗೂ ಕಾಣುವಂತೆ ತಿರುಗುತ್ತದೆ. ಕಂಬಿಗಾಗಿ ನೂಕಾಡಬೇಡಿ. ನೀರಿನಿಂದ ಸುಮಾರು 250 ಅಡಿ ಎತ್ತರದ, ಒಂದು ಮೈಲಿ ಅಗಲದ ಗೋಡೆಯಲ್ಲಿ ಮುಂದಿನ ತುಂಡು ಎಲ್ಲಿಂದ ಕಳಚೀತು ಎನ್ನುವುದೇ ಪ್ರಶ್ನೆ. ಗುಡುಗಿನಂಥ ಸದ್ದು ಕೇಳಿ ತಿರುಗಿದವರಿಗೆ ಸಿಗುವುದು ಅಲೆ ಮಾತ್ರ. ಹಡಗು ಅರ್ಧ ಕಿ.ಮೀ. ದೂರದಲ್ಲಿದ್ದರೆ ಸದ್ದು ಬರಲು ಒಂದೂವರೆ ಸೆಕೆಂಡ್ ಬೇಕು, ಬಿದ್ದದ್ದು ಅಷ್ಟರಲ್ಲಿ ಬಿದ್ದಾಗಿರುತ್ತದೆ. ಪುಡಿ ಹಿಮ ಪದೇ ಪದೇ ಉದುರುತ್ತಿರುವ ಜಾಗವನ್ನೋ, ಬುಡದಲ್ಲಿ ಗುಹೆ ಕೊರೆದಿರುವ ಜಾಗವನ್ನೋ ಆರಿಸಿ ಅಲ್ಲೇ ನೋಡುತ್ತಿರಿ. ಒಂದು ಬಿದ್ದ ಮೇಲೆ ಅದರ ಪಕ್ಕವನ್ನು ಬಿಡಬೇಡಿ, ಆಸರೆ ಹೋದದ್ದು ಹಿಂದೆಯೇ ಬೀಳುವುದುಂಟು.

ಹೆಜ್ಜೆ 7: ಫೋಟೊ

ತಿಮಿಂಗಿಲದ ಫೋಟೊ ಮೊಬೈಲಿನಲ್ಲಿ ಬರುವುದಿಲ್ಲ, ಬಂದರೂ ಚುಕ್ಕೆ. ಮೊದಲ ಎರಡು ದಿನ ಕಣ್ಣಿಂದಲೇ ನೋಡಿ ಎಂಬುದು ನನ್ನ ಕಟ್ಟುನಿಟ್ಟು. ಝೂಮ್ ಇರುವ ಕ್ಯಾಮೆರಾ ಇದ್ದರೆ ಬೆನ್ನು ಬಾಗಿದ ತಕ್ಷಣ ಬಟನ್ ಒತ್ತಿ ಹಿಡಿದು ಸಾಲಾಗಿ ತೆಗೆಯಿರಿ. ಬಾಲದ ಅಡಿಭಾಗ ಸ್ಪಷ್ಟವಾಗಿ ಬಿದ್ದರೆ ಅದಕ್ಕೆ ಬೆಲೆಯಿದೆ: ಅಲ್ಲಿನ ಕಪ್ಪು-ಬಿಳುಪು ಗುರುತು ಪ್ರತಿ ಹಂಪ್‌ಬ್ಯಾಕಿಗೂ ಬೇರೆ ಬೇರೆ. ಹ್ಯಾಪಿವೇಲ್ ಎಂಬ ವೆಬ್‌ಸೈಟಿಗೆ ದಿನಾಂಕ, ಜಾಗ ಹಾಕಿ ಕಳಿಸಿದರೆ, ಅವರ ಸಂಗ್ರಹದಲ್ಲಿದ್ದ ತಿಮಿಂಗಿಲವಾದರೆ ಅದು ಹಿಂದೆ ಎಲ್ಲೆಲ್ಲಿ ಕಂಡಿತ್ತು ಎಂದು ತಿಳಿಸುತ್ತಾರೆ, ಚಳಿಗಾಲದಲ್ಲಿ ಹವಾಯಿಯಲ್ಲಿ ಕಂಡಿದ್ದೂ ಸೇರಿ. ಜಾಗ ನೆನಪಿರುವುದಿಲ್ಲ, ಆಫ್‌ಲೈನ್ ನಕ್ಷೆಯ ಒಂದು ಸ್ಕ್ರೀನ್‌ಶಾಟ್ ಕೂಡಲೇ ತೆಗೆದಿಟ್ಟುಕೊಳ್ಳಿ.