ಕೆಲವರಿಗೆ ಮಾತ್ರ ತೆರೆಯದ ವೆಬ್‌ಸೈಟ್: ಎಂಟು ಬೈಟ್‌ನ ತಕರಾರು

ಯಾರಿಗೂ ತೆರೆಯದ ಸೈಟನ್ನು ಸರಿಮಾಡುವುದು ಸುಲಭ. ಕೆಲವರಿಗೆ ತೆರೆದು ಕೆಲವರಿಗೆ ತೆರೆಯದಿದ್ದರೆ, ತೊಂದರೆ ಇದೆ ಎಂದು ಒಪ್ಪಿಸುವುದೇ ಮೊದಲ ಕೆಲಸ. ಬೆಂಗಳೂರಿನ ಒಂದು ಪತ್ತಿನ ಸಹಕಾರ ಸಂಘದ ಸರ್ವರ್ ನೋಡಿಕೊಳ್ಳುತ್ತೇನೆ. ರಾಜಾಜಿನಗರ, ವಿಜಯನಗರದ ಕಡೆಯ ಸದಸ್ಯರಿಂದ ದೂರು ಬರತೊಡಗಿದಾಗ ಕಾರ್ಯದರ್ಶಿಗಳು, “ನಮ್ಮ ಆಫೀಸಲ್ಲಿ ಚೆನ್ನಾಗೇ ಬರ್ತಿದೆಯಲ್ಲ ಸಾರ್, ಅವರ ನೆಟ್ಟೇ ಸರಿಯಿಲ್ಲ” ಅಂದರು. ಕೇಬಲ್ ನೆಟ್‌ನ ಹುಡುಗ, “ಸ್ಪೀಡ್ ಟೆಸ್ಟ್ ನೋಡಿ ಸಾರ್, 100 ಬರ್ತಿದೆ. ಯೂಟ್ಯೂಬ್ ಓಡ್ತಿದೆ. ಸೈಟ್‌ದೇ ಪ್ರಾಬ್ಲಂ” ಅಂದ. ಇಬ್ಬರು ಕಂಡದ್ದೂ ನಿಜವೇ.

ಇಂಥ ಹೊತ್ತಿನಲ್ಲಿ ನಾನು ಮೊದಲು ಸರ್ವರ್ ಮುಟ್ಟುವುದಿಲ್ಲ, ತೆರೆಯದವರ ಪಟ್ಟಿ ಮಾಡುತ್ತೇನೆ. ಯಾವ ಕಂಪನಿಯ ನೆಟ್? ಮೊಬೈಲ್ ಡೇಟಾದಲ್ಲಿ ಬರುತ್ತದೆಯೇ? ಪರದೆಯ ಮೇಲೆ ಏನು ಕಾಣುತ್ತದೆ? ಮೂರನೆಯದಕ್ಕೆ ಬರುವ ಉತ್ತರವೇ ಹೆಚ್ಚು ಕೆಲಸಕ್ಕೆ ಬರುವುದು. ಸೈಟಿನ ಹೆಸರೇ ಸಿಗಲಿಲ್ಲ ಎಂದರೆ ಡಿಎನ್‌ಎಸ್ (ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಕಡೆ ನೋಡಬೇಕು. ಸೈಟಿನ ಗುರುತು ಖಚಿತಪಡಿಸುವ ಸರ್ಟಿಫಿಕೇಟ್‌ನ ಎಚ್ಚರಿಕೆ ಬಂದರೆ ಫೋನ್ ತೀರಾ ಹಳೆಯದೋ, ಅದರ ಗಡಿಯಾರ ತಪ್ಪಿದೆಯೋ ಕೇಳಬೇಕು. ಒಂದೇ ಏರಿಯಾದವರೆಲ್ಲ ಒಮ್ಮೆಗೇ ಹೊರಗುಳಿದರೆ ನಮ್ಮ ಬ್ಲಾಕ್ ಪಟ್ಟಿ ತೆಗೆದು ನೋಡಬೇಕು. ಸಿಜಿನ್ಯಾಟ್ ಎಂಬ ವಿಳಾಸ ಹಂಚಿಕೊಳ್ಳುವ ಏರ್ಪಾಡು ಇರುವ ಕಡೆ ನೂರಾರು ಮನೆಗೆ ಒಂದೇ ಪಬ್ಲಿಕ್ ಐಪಿ (ಹೊರಗೆ ಕಾಣುವ ವಿಳಾಸ) ಇರುತ್ತದೆ. ಯಾರೋ ಒಬ್ಬ ಪಾಸ್‌ವರ್ಡ್ ತಪ್ಪಾಗಿ ಹೊಡೆದು ಹೊಡೆದು ಬ್ಲಾಕ್ ಆದರೆ ಇಡೀ ಬೀದಿಗೆ ಬಾಗಿಲು ಹಾಕಿದ ಹಾಗೆ.

ಇಲ್ಲಿ ಇದ್ಯಾವುದೂ ಅಲ್ಲ. ಯಾವ ಎರರ್ ಕೂಡ ಇಲ್ಲ, ಪುಟ ಸುಮ್ಮನೆ ಸುತ್ತುತ್ತಿತ್ತು. ಅದೇ ಫೋನಿನಲ್ಲಿ ವೈಫೈ ಆಫ್ ಮಾಡಿದರೆ ತಕ್ಷಣ ತೆರೆಯುತ್ತಿತ್ತು. ರಾಜಾಜಿನಗರದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಲ್ಯಾಪ್‌ಟಾಪ್ ಹಿಡಿದು ಹೋದೆ. “ಪಕ್ಕದ ಮನೆಯವರದ್ದೂ ಇದೇ ಕೇಬಲ್ ಕಣಪ್ಪಾ, ಅವರಿಗೆ ಬರುತ್ತೆ” ಎಂದು ಅವರು ಹೇಳಿದ್ದು ನನಗೆ ಬಹಳ ಉಪಯೋಗಕ್ಕೆ ಬಂತು.

ಬ್ರೌಸರ್ ಇಲ್ಲದೆ ಕಮಾಂಡ್‌ನಿಂದಲೇ ಸೈಟ್ ಕೇಳುವ ಕರ್ಲ್‌ನಲ್ಲಿ ನೋಡಿದೆ. ಸಾದಾ ವೆಬ್‌ನ 80ನೇ ಪೋರ್ಟ್‌ನಿಂದ ‘ಸುರಕ್ಷಿತ ಸೈಟ್‌ಗೆ ಹೋಗಿ’ ಎನ್ನುವ ರೀಡೈರೆಕ್ಟ್ ಉತ್ತರ ಚಕ್ಕನೆ ಬಂತು. ಸುರಕ್ಷಿತ ವೆಬ್‌ನ 443ರಲ್ಲಿ ಕನೆಕ್ಷನ್ ಆಯಿತು, ಗುಟ್ಟಿನ ಮಾತು ಶುರುಮಾಡುವ ಕ್ಲೈಂಟ್ ಹಲೋ ಹೋಯಿತು, ಅಲ್ಲಿಗೇ ನಿಂತಿತು. ಚಿಕ್ಕ ಉತ್ತರ ಬರುತ್ತದೆ, ದೊಡ್ಡದು ಬರುವುದಿಲ್ಲ. ಸರ್ಟಿಫಿಕೇಟ್‌ಗಳ ಸರಪಳಿ ಸಾಮಾನ್ಯವಾಗಿ ಒಂದು ಪ್ಯಾಕೆಟ್‌ನಲ್ಲಿ (ನೆಟ್‌ನಲ್ಲಿ ಡೇಟಾ ಸಾಗುವ ಕಟ್ಟು) ಹಿಡಿಯುವುದಿಲ್ಲ, ಹಾಗಾಗಿ ಸರ್ವರ್ ಮೊದಲ ಬಾರಿ ಭರ್ತಿ ಪ್ಯಾಕೆಟ್ ಕಳಿಸುವುದು ಅಲ್ಲೇ. ನನಗೆ ಎಂಟಿಯು ಮೇಲೆ, ಅಂದರೆ ದಾರಿಯಲ್ಲಿ ಹಿಡಿಸುವ ಅತಿ ದೊಡ್ಡ ಪ್ಯಾಕೆಟ್‌ನ ಅಳತೆಯ ಮೇಲೆ, ಅನುಮಾನ ಬಂತು. ಡಿಎಫ್ (‘ತುಂಡು ಮಾಡಬೇಡಿ’) ಗುರುತು ಹಾಕಿ ಕೇಬಲ್ ಕಂಪನಿಯ ಗೇಟ್‌ವೇಗೆ ಪಿಂಗ್ ಮಾಡಿದೆ: 1472 ಬೈಟ್ ಹೋಗಲಿಲ್ಲ, 1464 ಹೋಯಿತು. ಐಪಿ ಮತ್ತು ಐಸಿಎಂಪಿ (ಪಿಂಗ್ ಮತ್ತು ನೆಟ್‌ನ ದೂರು ಸಂದೇಶಗಳ ಪ್ರೋಟೊಕಾಲ್) ಹೆಡರ್‌ಗಳ 28 ಸೇರಿಸಿದರೆ 1492. ಪಿಪಿಪಿಒಇ, ಅಂದರೆ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಬ್ರಾಡ್‌ಬ್ಯಾಂಡ್ ಲೈನ್‌ನ ಗುರುತೇ ಅದು. ಈಥರ್ನೆಟ್‌ನ 1500ರಲ್ಲಿ 8 ಬೈಟ್ ಅದರ ಹೆಡರ್‌ಗೇ ಹೋಗುತ್ತದೆ.

ಅದರಲ್ಲಿ ತಪ್ಪೇನೂ ಇಲ್ಲ. ಪಿಪಿಪಿಒಇ 1999ರಿಂದ ಇದೆ, ಲೋಕದಲ್ಲಿ ಎಷ್ಟೋ ಜನ ಅದರಲ್ಲೇ ನೆಟ್ ನೋಡುತ್ತಿದ್ದಾರೆ. ರೈಲ್ವೆ ಕೆಳಸೇತುವೆಯ ಮುಂದೆ ಎತ್ತರದ ಲಾರಿ ಬಂದರೆ ಕಾವಲಿನವನು, ‘ಇಷ್ಟು ಎತ್ತರ ಆಗಲ್ಲ, ಚಿಕ್ಕ ಗಾಡಿ ಕಳಿಸಿ’ ಎಂದು ಹೊರಟ ಜಾಗಕ್ಕೆ ಸುದ್ದಿ ಮುಟ್ಟಿಸಬೇಕು. ನೆಟ್‌ನಲ್ಲಿ ಆ ಸುದ್ದಿ ಐಸಿಎಂಪಿ ಟೈಪ್ 3, ಕೋಡ್ 4. 1990ರ ಆರ್‌ಎಫ್‌ಸಿ 1191 (ಇಂಟರ್‌ನೆಟ್ ನಿಯಮಗಳ ದಾಖಲೆ) ಹೇಳುವುದು ಇದನ್ನೇ.

ಸರ್ವರ್‌ನಲ್ಲಿ ಬಂದು ಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಾಕಿ ಮೇಷ್ಟ್ರ ಮನೆಯಿಂದ ಸೈಟ್ ತೆರೆಸಿದೆ. ಅವರ ಕಡೆಯಿಂದ ಬಂದ, ಸಂಪರ್ಕ ಶುರುಮಾಡುವ ಸಿನ್ ಪ್ಯಾಕೆಟ್‌ನಲ್ಲಿ ಎಂಎಸ್ಎಸ್ (ಹೆಡರ್ ಬಿಟ್ಟು ಒಂದು ಪ್ಯಾಕೆಟ್‌ನಲ್ಲಿ ಎಷ್ಟು ಡೇಟಾ ಕಳಿಸಬಹುದು ಎಂಬ ಲೆಕ್ಕ) 1460 ಇತ್ತು. ಪಕ್ಕದ ಮನೆಯಿಂದ ತೆರೆದಾಗ 1452. ಪಕ್ಕದವರ ರೂಟರ್ ತಾನೇ 8 ಕಳೆದು ಹೇಳುತ್ತಿತ್ತು, ಮೇಷ್ಟ್ರ ರೂಟರ್ ಹೇಳುತ್ತಿರಲಿಲ್ಲ. ಒಂದೇ ಕೇಬಲ್, ಎರಡು ಮನೆ, ಎರಡು ಫಲಿತಾಂಶ. ಸರ್ವರ್ ಅದೇ ದೊಡ್ಡ ಪ್ಯಾಕೆಟ್ಟನ್ನು ಅಂತರ ದುಪ್ಪಟ್ಟು ಮಾಡುತ್ತ ಮತ್ತೆ ಮತ್ತೆ ಕಳಿಸುತ್ತಿತ್ತು. ಟೈಪ್ 3 ಸಂದೇಶ ಒಂದೂ ಒಳಗೆ ಬರಲಿಲ್ಲ. ಸರ್ವರ್‌ನ ಸ್ವಂತ ಫೈರ್‌ವಾಲ್ ಅದನ್ನು ತಡೆದಿದ್ದರೂ ಟಿಸಿಪಿಡಂಪ್‌ಗೆ ಕಾಣಬೇಕಿತ್ತು. ಹಾಗಾದರೆ ನುಂಗುತ್ತಿರುವುದು ಅದಕ್ಕೂ ಮುಂದಿರುವ ಡೇಟಾ ಸೆಂಟರ್ ಫೈರ್‌ವಾಲ್ ಇರಬೇಕು.

ವಿಚಾರಿಸಿದರೆ, ಸುರಕ್ಷತಾ ಆಡಿಟ್‌ಗೆ ಬಂದ ಸಂಸ್ಥೆಯೊಂದು ‘ಐಸಿಎಂಪಿ ಬಂದ್ ಮಾಡಿ’ ಎಂದು ವರದಿ ಕೊಟ್ಟಿತ್ತಂತೆ. ಈ ಸಲಹೆ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಪಿಂಗ್‌ಗೆ ಉತ್ತರ ಕೊಡಬೇಡಿ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ಇಡೀ ಪ್ರೋಟೊಕಾಲ್ ಮುಚ್ಚಿದರೆ ಕಳ್ಳ ನಿಲ್ಲುವುದಿಲ್ಲ, ಸಾಲದ ಕಂತು ಕಟ್ಟಲು ಬಂದ ಸದಸ್ಯ ನಿಲ್ಲುತ್ತಾನೆ. ಯೂಟ್ಯೂಬ್ ಓಡಿದ್ದಕ್ಕೂ ಕಾರಣವಿದೆ: ಕ್ರೋಮ್ ಅದನ್ನು ಹೆಚ್ಚಾಗಿ ಕ್ವಿಕ್ ಎಂಬ ಹೊಸ ಪ್ರೋಟೊಕಾಲ್‌ನಲ್ಲಿ ತರುತ್ತದೆ. ಕ್ವಿಕ್ 1200 ಬೈಟ್‌ನಿಂದ ಶುರುವಾಗುತ್ತದೆ, ದಾರಿ ಹಿಡಿಸುತ್ತದೆ ಎಂದು ಖಾತ್ರಿಯಾಗದೆ ತೀರಾ ದೊಡ್ಡ ಪ್ಯಾಕೆಟ್‌ಗೆ ಹೋಗುವುದಿಲ್ಲ.

ಡೇಟಾ ಸೆಂಟರ್‌ನವರು ಒಪ್ಪುವ ತನಕ ಸರ್ವರ್‌ನ ಎಂಟಿಯು 1400ಕ್ಕೆ ಇಳಿಸಿದೆ. ಮೇಷ್ಟ್ರ ಫೋನಿನಲ್ಲಿ ಪುಟ ಬಂತು, ಪಾಸ್‌ಬುಕ್ಕೂ ಬಂತು. ಕಾರ್ಯದರ್ಶಿಗಳನ್ನು ನಂಬಿಸಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಲಿಲ್ಲ. ‘ಐಸಿಎಂಪಿ ತೆರೆಯಿರಿ’ ಎಂದು ಕೇಳಿದ್ದಕ್ಕೆ ಡೇಟಾ ಸೆಂಟರ್‌ನವರು ಪಾಲಿಸಿ ಇಲ್ಲ ಎಂದರು. ‘ಟೈಪ್ 3 ಕೋಡ್ 4 ಮಾತ್ರ ಬಿಡಿ’ ಎಂದಾಗ ಬಿಟ್ಟರು. ಆಮೇಲೆ ಎಂಟಿಯು 1500ಕ್ಕೆ ಏರಿಸಿ, ಲಿನಕ್ಸ್‌ನ ಟಿಸಿಪಿ ಎಂಟಿಯು ಪ್ರೋಬಿಂಗ್ ಕೂಡ 1ಕ್ಕೆ ಇಟ್ಟೆ. ದಾರಿಯಲ್ಲಿ ಇನ್ಯಾರೋ ಸಂದೇಶ ನುಂಗಿದರೂ ಸರ್ವರ್ ತಾನೇ ಅಂದಾಜು ಮಾಡಿ ಪ್ಯಾಕೆಟ್ ಚಿಕ್ಕದು ಮಾಡುತ್ತದೆ. ಮೊದಲ ಪುಟ ತುಸು ತಡವಾಗುತ್ತದೆ, ಅಷ್ಟೇ.

ಐಪಿಯ ಹೊಸ ಆವೃತ್ತಿಯಾದ ಐಪಿವಿ6ನಲ್ಲಿ ಈ ಜಾಗ್ರತೆ ಇನ್ನೂ ಹೆಚ್ಚು ಬೇಕು. ಅಲ್ಲಿ ದಾರಿಯ ರೂಟರ್‌ಗಳು ಪ್ಯಾಕೆಟ್ ತುಂಡು ಮಾಡುವಂತೆಯೇ ಇಲ್ಲ. ‘ಪ್ಯಾಕೆಟ್ ದೊಡ್ಡದಾಯಿತು’ ಎನ್ನುವ ಐಸಿಎಂಪಿವಿ6 ಟೈಪ್ 2 ಸಂದೇಶವನ್ನೇ ನೆಚ್ಚಿಕೊಳ್ಳಬೇಕು. ಸಂಘದ ಸರ್ವರ್‌ಗೆ ಐಪಿವಿ6 ಕೇಳಿ ಹಾಕಿದ ಟಿಕೆಟ್‌ನಲ್ಲಿ ಅದನ್ನು ಮೊದಲ ಸಾಲಿನಲ್ಲೇ ಬರೆದೆ, ಫೈರ್‌ವಾಲ್‌ನಲ್ಲಿ ಐಸಿಎಂಪಿವಿ6 ಹೇಗೆ ಬಿಡಬೇಕೆಂದು ಹೇಳುವ ಆರ್‌ಎಫ್‌ಸಿ 4890ರ ಹೆಸರನ್ನೂ ಸೇರಿಸಿ.