ಸಣ್ಣ ಕಚೇರಿಗೆ ಫೈರ್‌ವಾಲ್: ಕೊಳ್ಳುವ ಮುಂಚೆ, ಕೂರಿಸಿದ ಮೇಲೆ

ಹದಿನೈದು ಕಂಪ್ಯೂಟರ್, ಒಂದು ಟ್ಯಾಲಿ ಸರ್ವರ್, ಎಂಟು ಸಿಸಿಟಿವಿ ಕ್ಯಾಮೆರಾ, 200 ಎಂಬಿಪಿಎಸ್ ಫೈಬರ್ ಲೈನು ಇರುವ ಆಡಿಟರ್ ಕಚೇರಿಯನ್ನೇ ಲೆಕ್ಕಕ್ಕೆ ಹಿಡಿಯೋಣ. ಇಂಟರ್ನೆಟ್ ಮತ್ತು ಕಚೇರಿಯ ನೆಟ್‌ವರ್ಕ್ ನಡುವೆ ಕೂತು, ಒಳಬರುವುದನ್ನೂ ಹೊರಹೋಗುವುದನ್ನೂ ತಪಾಸಣೆ ಮಾಡುವ ಪೆಟ್ಟಿಗೆಯೇ ಫೈರ್‌ವಾಲ್. ಅದಕ್ಕಾಗಿ ಅಂಗಡಿಗೆ ಹೋಗುವ ಮುಂಚೆ ಈಗಿರುವ ರೂಟರ್‌ನ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಸಂಪರ್ಕವನ್ನು ಒಳಗಿನ ಕಂಪ್ಯೂಟರ್‌ಗೆ ಕಳಿಸುವ) ಪುಟ ತೆರೆದು ನೋಡಿ. ಪೋರ್ಟ್ 3389ರಿಂದ 192.168.1.10ಕ್ಕೆ (ಸರ್ವರ್‌ನ ಒಳವಿಳಾಸ) ಎಂಬಂಥ ಸಾಲು ಅಲ್ಲಿದ್ದರೆ, ಯಾರೋ ಮನೆಯಿಂದ ಟ್ಯಾಲಿ ನೋಡಲೆಂದು ರಿಮೋಟ್ ಡೆಸ್ಕ್‌ಟಾಪ್ ತೆರೆದಿಟ್ಟಿದ್ದಾರೆ. ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಹಗಲು ರಾತ್ರಿ ಆ ಪೋರ್ಟನ್ನೇ ತಡಕುತ್ತಿರುತ್ತವೆ. ಇವತ್ತೇ ಅಳಿಸಿ. ಕ್ಯಾಮೆರಾ ದೃಶ್ಯ ದಾಖಲಿಸುವ ಡಿವಿಆರ್‌ಗೆ ತೆರೆದ ಪೋರ್ಟೂ ಹಾಗೆಯೇ. ಪೋರ್ಟ್ ಸಂಖ್ಯೆ ಬದಲಿಸಿದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ. ಇದೇ ಸಾಲುಗಳನ್ನು ಹೊಸ ಪೆಟ್ಟಿಗೆಗೂ ಹಾಕಿಸಿಕೊಂಡರೆ ಕೊಟ್ಟ ದುಡ್ಡು ನೀರುಪಾಲು.

ಡೇಟಾಶೀಟ್‌ನಲ್ಲಿ ದಪ್ಪಕ್ಷರದ ಫೈರ್‌ವಾಲ್ ಥ್ರೂಪುಟ್ (ಎಷ್ಟು ವೇಗ ನಿಭಾಯಿಸುತ್ತದೆ ಎಂಬ ಅಂಕಿ) ನಂಬಬೇಡಿ. ಅದು ತಪಾಸಣೆಗಳನ್ನೆಲ್ಲ ಆಫ್ ಮಾಡಿ ಅಳೆದದ್ದು. ಕೆಳಗಿರುವ ಥ್ರೆಟ್ ಪ್ರೊಟೆಕ್ಷನ್ ಥ್ರೂಪುಟ್ ನೋಡಿ. 200ರ ಲೈನಿಗೆ ಅದು 400 ಎಂಬಿಪಿಎಸ್ ಆದರೂ ಇರಲಿ. ಕೊಟೇಶನ್ ಕೇಳುವಾಗ ಮೂರು ವರ್ಷದ ಲೈಸೆನ್ಸ್ ಸೇರಿಸಿಯೇ ಕೇಳಿ. ನವೀಕರಣ ತಪ್ಪಿದರೆ ಹೊಸ ವೈರಸ್‌ಗಳ ಗುರುತು ಬರುವುದು ನಿಲ್ಲುತ್ತದೆ. ನೆಟ್‌ವರ್ಕ್ ಬಲ್ಲವರು ಕಚೇರಿಯಲ್ಲೇ ಇದ್ದರೆ, ಎರಡು ಇಂಟೆಲ್ ಲ್ಯಾನ್ ಪೋರ್ಟು, 8 ಜಿಬಿ ರ್‍ಯಾಮ್ ಇರುವ ಮಿನಿ ಪಿಸಿ ಮೇಲೆ ಓಪಿಎನ್‌ಸೆನ್ಸ್ ಎಂಬ ಫೈರ್‌ವಾಲ್ ತಂತ್ರಾಂಶ ಹಾಕಬಹುದು. ಲೈಸೆನ್ಸ್ ಖರ್ಚಿಲ್ಲ, ಆದರೆ ಅಪ್‌ಡೇಟ್ ನೋಡಿಕೊಳ್ಳುವವರು ಇಲ್ಲದಿದ್ದರೆ ಬೇಡ.

ಕೂರಿಸುವಾಗ ಹೆಚ್ಚು ತಪ್ಪಾಗುವುದು ಇಂಟರ್ನೆಟ್ ಕಂಪನಿಯ ಮೋಡೆಮ್‌ನಲ್ಲಿ. ಅದನ್ನು ಬ್ರಿಡ್ಜ್ ಮೋಡ್‌ಗೆ (ತಾನು ರೂಟರ್ ಆಗದೆ ಸಂಪರ್ಕವನ್ನು ಹಾಗೇ ದಾಟಿಸುವಂತೆ) ಹಾಕಿಸಿ, ಲೈನಿನ ಪಿಪಿಪಿಒಇ ಲಾಗಿನ್ ಕಂಪನಿಯಿಂದ ಕೇಳಿಕೊಂಡು ಫೈರ್‌ವಾಲ್‌ಗೆ ತುಂಬಿ. ಮೋಡೆಮ್‌ನ ವೈಫೈ ಆಫ್ ಮಾಡುವುದನ್ನು ಮರೆಯಬೇಡಿ. ಇಲ್ಲವೆಂದರೆ ಹಳೇ ಪಾಸ್‌ವರ್ಡ್ ನೆನಪಿಟ್ಟ ಲ್ಯಾಪ್‌ಟಾಪ್‌ಗಳು ಫೈರ್‌ವಾಲ್‌ನ ಹೊರಗಿನಿಂದಲೇ ಇಂಟರ್ನೆಟ್ ಬಳಸುತ್ತವೆ, ಯಾರಿಗೂ ತಿಳಿಯುವುದೂ ಇಲ್ಲ.

ಮನೆಯಿಂದ ಕೆಲಸಕ್ಕೆ ವಿಪಿಎನ್ (ಇಂಟರ್ನೆಟ್ ಮೂಲಕ ಕಚೇರಿಗೆ ಗುಪ್ತ ಸಂಪರ್ಕ) ಕೊಡಿ. ವೈರ್‌ಗಾರ್ಡ್ ಎಂಬ ವಿಪಿಎನ್ ಸಾಕು, ಅದರ ಪೋರ್ಟ್ ಯುಡಿಪಿ 51820. ಫೈರ್‌ವಾಲ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) 100.64ರಿಂದ 100.127ರೊಳಗೆ ಶುರುವಾಗಿದ್ದರೆ ಹೊರಗಿನಿಂದ ಸಂಪರ್ಕ ಒಳಬರುವುದಿಲ್ಲ. ಇಂಟರ್ನೆಟ್ ಕಂಪನಿಯಿಂದ ಸ್ಟ್ಯಾಟಿಕ್ ಐಪಿ (ಬದಲಾಗದ ಸ್ವಂತ ವಿಳಾಸ) ಕೇಳಿ ಪಡೆಯಿರಿ.

ಟ್ಯಾಲಿ ಸರ್ವರ್ ಮತ್ತು ಸಿಬ್ಬಂದಿ ಒಂದು ವಿಎಲ್ಯಾನ್ (ನೆಟ್‌ವರ್ಕ್‌ನೊಳಗಿನ ಪ್ರತ್ಯೇಕ ಭಾಗ), ಕ್ಯಾಮೆರಾ ಇನ್ನೊಂದು, ಗೆಸ್ಟ್ ವೈಫೈ ಮತ್ತೊಂದು. ಇದಕ್ಕೆ ಹೀಗೆ ಭಾಗ ಮಾಡಬಲ್ಲ ಮ್ಯಾನೇಜ್ಡ್ ಸ್ವಿಚ್ ಬೇಕು. ಎಚ್‌ಟಿಟಿಪಿಎಸ್ ತಪಾಸಣೆ (ಗೂಢಲಿಪಿಯಲ್ಲಿ ಬರುವ ವೆಬ್ ಪುಟಗಳನ್ನೂ ಬಿಚ್ಚಿ ನೋಡುವುದು) ಆನ್ ಮಾಡುವುದಾದರೆ ಪ್ರತಿ ಕಂಪ್ಯೂಟರ್‌ಗೂ ಫೈರ್‌ವಾಲ್‌ನ ಸರ್ಟಿಫಿಕೇಟ್ ಹಾಕಿ, ಬ್ಯಾಂಕ್ ಮತ್ತು ಜಿಎಸ್‌ಟಿ ತಾಣಗಳನ್ನು ಅದರಿಂದ ಹೊರಗಿಡಿ. ರಿಟರ್ನ್ ಸಲ್ಲಿಸುವ ಕೊನೇ ದಿನ ಲಾಗಿನ್ ಕೈಕೊಟ್ಟರೆ ಫೈರ್‌ವಾಲನ್ನೇ ಕಿತ್ತು ಬದಿಗಿಡುತ್ತಾರೆ. ಲಾಗ್‌ಗಳನ್ನು (ಸಂಪರ್ಕಗಳ ದಾಖಲೆ) 180 ದಿನ ಇಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್ 2022ರ ಏಪ್ರಿಲ್‌ನಲ್ಲಿ ಸೂಚಿಸಿದೆ. ಪೆಟ್ಟಿಗೆಯೊಳಗಿನ ಜಾಗ ಅಷ್ಟಕ್ಕೆ ಸಾಲದಿದ್ದರೆ ಲಾಗ್‌ಗಳು ಬೇರೆ ಕಂಪ್ಯೂಟರ್‌ಗೆ ಹೋಗುವಂತೆ ಮಾಡಿ.

ಎಲ್ಲ ಮುಗಿದ ಮೇಲೆ ಗೆಸ್ಟ್ ವೈಫೈಗೆ ಫೋನ್ ಸೇರಿಸಿ ಸರ್ವರ್‌ಗೆ ಪಿಂಗ್ ಮಾಡಿ (ಉತ್ತರ ಕೇಳುವ ಪುಟ್ಟ ಸಂದೇಶ ಕಳಿಸಿ). ಉತ್ತರ ಬರಬಾರದು. ಬಂದರೆ ಫೈರ್‌ವಾಲ್‌ನ ನಿಯಮಗಳ ಪಟ್ಟಿಯನ್ನು ಮೇಲಿನಿಂದ ಓದಿ. ಸಾಮಾನ್ಯವಾಗಿ ಎಲ್ಲವನ್ನೂ ಬಿಡುವ ಸಾಲೊಂದು ತಡೆಯುವ ಸಾಲಿಗಿಂತ ಮೇಲೆ ಕೂತಿರುತ್ತದೆ.