ಚಿಕ್ಕಂದಿನ ಹಾಡುಗಾರಿಕೆಯಿಂದ ಬ್ಯಾಂಡಿನ ಮೈಕಿಗೆ

ಚಿಕ್ಕಂದಿನಿಂದ ಹಾಡಿಕೊಂಡು ಬಂದವರು ಬ್ಯಾಂಡ್ ಸೇರಿದಾಗ ಎಡವುವುದು ಹೆಚ್ಚಾಗಿ ಕಂಠದಲ್ಲಲ್ಲ, ಕಿವಿಯಲ್ಲಿ. ಡ್ರಮ್ಸ್ ಅಬ್ಬರದಲ್ಲಿ ತಮ್ಮ ದನಿ ತಮಗೇ ಕೇಳುವುದಿಲ್ಲ. ಕೇಳದಿದ್ದಾಗ ಯಾರಾದರೂ ತಮಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾರೆ. ಊರೂರು ಸುತ್ತಿ ಕಾರ್ಯಕ್ರಮ ಕೊಡುವಾಗ ಎರಡನೇ ಊರು ಮುಟ್ಟುವಷ್ಟರಲ್ಲಿ ಗಂಟಲು ಕಟ್ಟಿರುತ್ತದೆ.

ಮೊದಲು ಶ್ರುತಿ ನೋಡಿಕೊಳ್ಳಿ. ಹರೆಯದಲ್ಲಿ ಹುಡುಗರ ದನಿ ಸುಮಾರು ಒಂದು ಸ್ಥಾಯಿ ಇಳಿಯುತ್ತದೆ. ಹುಡುಗಿಯರದ್ದೂ ಎರಡು ಮೂರು ಅರ್ಧಸ್ವರ (ಕಪ್ಪು ಬಿಳಿ ಸೇರಿ ಕೀಬೋರ್ಡಿನ ಒಂದು ಕೀಲಿಯಿಂದ ಪಕ್ಕದ ಕೀಲಿಗಿರುವ ಅಂತರ) ಇಳಿಯುತ್ತದೆ. ಹಾಗಾಗಿ ಬಾಲ್ಯದ ಶ್ರುತಿಯನ್ನೇ ನೆಚ್ಚಿಕೊಳ್ಳಬೇಡಿ. ಕೀಬೋರ್ಡ್ ಮುಂದೆ ಕೂತು, ಸತತ ಐದು ಸಲ ಕತ್ತು ಬಿಗಿಯದೆ ಮುಟ್ಟಬಲ್ಲ ಮೇಲಿನ ಸ್ವರ ಯಾವುದೆಂದು ಬರೆದಿಟ್ಟುಕೊಳ್ಳಿ. ಹಾಡಿನ ಅತಿ ಎತ್ತರದ ಸ್ವರ ಅದಕ್ಕಿಂತ ಎರಡು ಅರ್ಧಸ್ವರ ಕೆಳಗೆ ಬರುವಂತೆ ಸ್ಕೇಲ್ ಆರಿಸಿ. ಗಿಟಾರ್ ನುಡಿಸುವವರು ಮೂಲ ಸ್ಕೇಲೇ ಬೇಕೆಂದು ಪಟ್ಟು ಹಿಡಿದರೂ ಒಪ್ಪಬೇಡಿ. ಅವರಿಗೆ ಏರಿಸಲು ಕ್ಯಾಪೋ (ಗಿಟಾರಿನ ಕತ್ತಿಗೆ ಕಚ್ಚಿಸುವ ಕ್ಲಿಪ್) ಇದೆ, ಇಳಿಸಲು ತಂತಿ ಸಡಿಲಿಸಿಕೊಳ್ಳಬಹುದು.

ಇನ್ನು ಮೈಕ್. ತುಟಿಗೂ ಜಾಲರಿಗೂ ಎರಡು ಬೆರಳಿನ ಅಂತರ ಸಾಕು. ಮೇಲಿನ ಸ್ವರಕ್ಕೆ ಒಂದು ಗೇಣು ಹಿಂದೆ ಸರಿಸಿ. ತೀರಾ ಅಂಟಿಸಿಕೊಂಡು ಹಾಡಿದರೆ ಮಂದ್ರ ಉಬ್ಬಿ ಸಾಹಿತ್ಯ ಕಲಸಿಹೋಗುತ್ತದೆ. ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವ ಶೈಲಿ ನೋಡಲು ಚೆಂದ, ಆದರೆ ಹಿಂದಿನ ಸದ್ದನ್ನು ತಡೆಯುವ ಮೈಕಿನ ಗುಣವೇ ಅದರಿಂದ ಕೆಡುತ್ತದೆ, ಕುಯ್ಯೆಂದು ಕೂಗತೊಡಗುತ್ತದೆ. ಕಾರ್ಡಿಯಾಯ್ಡ್ ಮೈಕ್ (ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವಂಥದ್ದು) ಆದರೆ ಮಾನಿಟರ್ ಸ್ಪೀಕರನ್ನು, ಅಂದರೆ ವೇದಿಕೆಯ ಮೇಲಿರುವವರಿಗೆ ಕೇಳಿಸಲೆಂದೇ ಇಡುವ ಸ್ಪೀಕರನ್ನು, ಅದರ ಬಾಲದ ನೇರಕ್ಕೆ ಇಡಿಸಿ. ಆ ದಿಕ್ಕಿನಿಂದ ಅದು ಅತಿ ಕಡಿಮೆ ಕೇಳಿಸಿಕೊಳ್ಳುತ್ತದೆ. ಸೂಪರ್‌ಕಾರ್ಡಿಯಾಯ್ಡ್ ಮೈಕ್ ನೇರ ಹಿಂದಿನ ಸದ್ದನ್ನೂ ತುಸು ಹಿಡಿಯುತ್ತದೆ, ಅದಕ್ಕೆ ಈ ಜಾಗ ಸಲ್ಲದು, ಹಿಂದೆ ಸ್ವಲ್ಪ ಓರೆಗೆ ಇಡಬೇಕು. ನಿಮ್ಮದು ಯಾವುದೆಂದು ತಿಳಿದುಕೊಂಡೇ ವೇದಿಕೆ ಹತ್ತಿ.

ಸೌಂಡ್ ಚೆಕ್‌ನಲ್ಲಿ 'ಹಲೋ, ಹಲೋ' ಎಂದರೆ ಏನೂ ಗೊತ್ತಾಗುವುದಿಲ್ಲ. ಪಟ್ಟಿಯಲ್ಲಿನ ಅತಿ ಜೋರಿನ ಹಾಡಿನ ಪಲ್ಲವಿಯನ್ನು, ಸಂಜೆ ಹಾಡುವಷ್ಟೇ ಜೋರಾಗಿ, ಇಡೀ ಬ್ಯಾಂಡಿನೊಡನೆ ಹಾಡಿ. ದನಿ ಕೇಳದಿದ್ದರೆ 'ನನ್ನದು ಏರಿಸಿ' ಎನ್ನುವ ಮೊದಲು 'ಮಾನಿಟರ್‌ನಲ್ಲಿ ಗಿಟಾರ್ ಇಳಿಸಿ' ಎನ್ನಿ. ಏರಿಸುತ್ತಲೇ ಹೋದರೆ ಮೈಕ್ ಕೂಗಲು ಶುರುವಾಗುತ್ತದೆ.

ಹತ್ತು ಹಾಡಿನ ಪಟ್ಟಿಯಲ್ಲಿ ಎತ್ತರದ ಹಾಡುಗಳನ್ನು ಬೆನ್ನುಬೆನ್ನಿಗೆ ಇಡಬೇಡಿ. ಮೊದಲ ಹಾಡು ಮಧ್ಯಮ ಸ್ಥಾಯಿಯದಿರಲಿ. ಅದಕ್ಕೂ ಮುಂಚೆ 10–15 ನಿಮಿಷ ತುಟಿ ಅದುರಿಸುತ್ತಾ, ಆಮೇಲೆ ಸ್ಟ್ರಾ ಮೂಲಕ ಗುಂಯ್ಗುಡುತ್ತಾ ಸ್ವರ ಏರಿಳಿಸಿ.

ಪ್ರಯಾಣದಲ್ಲಿ ಗಂಟಲು ಕೆಡಿಸುವುದು ಹೆಚ್ಚಾಗಿ ವಾಹನದ ಸದ್ದಿನ ಮೇಲೆ ಹರಟುವುದು. ನೀರು ಗುಟುಕು ಗುಟುಕಾಗಿ ದಿನವಿಡೀ ಕುಡಿಯಿರಿ. ವೇದಿಕೆ ಹತ್ತುವ ಮುನ್ನ ಲೀಟರ್‌ಗಟ್ಟಲೆ ಕುಡಿದು ಪ್ರಯೋಜನವಿಲ್ಲ. ಗಂಟಲು ಒಡೆದಿದ್ದರೆ ಪಿಸುಮಾತೂ ಬೇಡ, ಸುಮ್ಮನಿರಿ. ಹಾಡುವಾಗ ದನಿ ಥಟ್ಟನೆ ಕೈಕೊಟ್ಟರೆ ಅಂದಿನ ಕಾರ್ಯಕ್ರಮ ಅಲ್ಲಿಗೇ ನಿಲ್ಲಿಸಿ, ಕಿವಿ-ಮೂಗು-ಗಂಟಲು ವೈದ್ಯರಿಗೆ ತಕ್ಷಣ ತೋರಿಸಿ. ಕರಕರ ದನಿ ಮೂರು ವಾರ ದಾಟಿದರೂ ಅವರನ್ನು ಕಾಣಲೇಬೇಕು.